ಲೈನ್ ಕೊಡ್ತೀನಿ, ಇರಿ: ಇಂಟರ್ನೆಟ್ ಫೋನಿನಲ್ಲಿ ಕರೆ ಎಲ್ಲಿ ಬೀಳುತ್ತದೆ?

“ಕರೆ ಬರುತ್ತೆ, ಮಾತು ಚೆನ್ನಾಗೇ ಕೇಳಿಸುತ್ತೆ, ನಾವು ಮಾಡಿದ್ರೂ ಹೋಗುತ್ತೆ. ಟ್ರಾನ್ಸ್‌ಫರ್ ಮಾಡಿದ್ರೆ ಮಾತ್ರ ಕಟ್ ಆಗುತ್ತೆ.” ಹಳೆಯ ಇಪಿಎಬಿಎಕ್ಸ್ ತೆಗೆಸಿ ಇಂಟರ್ನೆಟ್ ಫೋನ್ ಹಾಕಿಸಿಕೊಂಡ ನರ್ಸಿಂಗ್ ಹೋಂ, ಕಾಲೇಜು, ಸಹಕಾರ ಸಂಘ, ಸಣ್ಣ ಕಂಪನಿ ಯಾವುದೇ ಇರಲಿ, ರಿಸೆಪ್ಷನ್ ಮೇಜಿನಿಂದ ಬರುವ ದೂರು ಹೆಚ್ಚುಕಡಿಮೆ ಇದೇ ಮಾತಿನಲ್ಲಿರುತ್ತದೆ. ಅದಕ್ಕೆ ಸಿಗುವ ಮೊದಲ ಉತ್ತರವೂ ಮಾಮೂಲಿನದೇ: ನೆಟ್ ಸ್ಲೋ ಇರಬೇಕು, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ನೆಟ್ ನಿಧಾನವಾಗಿದ್ದರೆ ಸಾದಾ ಕರೆಯೂ ಕೆಡಬೇಕಿತ್ತಲ್ಲ ಎಂದು ಕೇಳುವವರು ಕಡಿಮೆ. ವರ್ಗಾವಣೆ ಕೆಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಕರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕೆಲಸ ಯಾರ ಹೊಣೆ? ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಫೋನಿನ ಕೆಲಸ ಮಾಡುವ ತಂತ್ರಾಂಶವಾದ ಸಾಫ್ಟ್‌ಫೋನಿನದೋ, ಕಚೇರಿಯ ಸರ್ವರಿನದೋ, ಹೊರಗಿನ ಲೈನ್ ಕೊಟ್ಟ ಕಂಪನಿಯದೋ? ಇದಕ್ಕೆ ಖಚಿತ ಉತ್ತರ ಸಿಕ್ಕರೆ ಅರ್ಧ ದುರಸ್ತಿ ಮುಗಿದಂತೆ. ಸಿಗದಿದ್ದರೆ ರೂಟರ್ ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ.

ಹಳೆಯ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಆಪರೇಟರ್ ಒಂದು ತೂತಿನಿಂದ ವೈರ್ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದರು, ಕೆಲಸ ಅವರದೇ. ಆಮೇಲೆ ಬಂದ ಇಪಿಎಬಿಎಕ್ಸ್‌ನಲ್ಲಿ ಫೋನಿನ ಫ್ಲ್ಯಾಶ್ ಗುಂಡಿ ಒತ್ತಿದರೆ ಲೈನ್ ಕ್ಷಣಮಾತ್ರ ಕಡಿದು ಕೂಡಿಕೊಳ್ಳುತ್ತಿತ್ತು. ಆ ಸನ್ನೆಯನ್ನು ಹಿಡಿದು ಉಳಿದದ್ದನ್ನೆಲ್ಲ ನಡುವಿನ ಪೆಟ್ಟಿಗೆ ಮಾಡುತ್ತಿತ್ತು. ಫೋನಿಗೆ ತಲೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆಗಲೂ ತೊಂದರೆ ಇರಲಿಲ್ಲವೆಂದಲ್ಲ. ಫೋನ್ 100 ಮಿಲಿಸೆಕೆಂಡ್ ಫ್ಲ್ಯಾಶ್ ಕೊಟ್ಟು ಪೆಟ್ಟಿಗೆ 600 ಮಿಲಿಸೆಕೆಂಡ್ ಬಯಸಿದರೆ ವರ್ಗಾವಣೆ ಆಗುತ್ತಿರಲಿಲ್ಲ. ಆದರೆ ತಪ್ಪು ಹುಡುಕಲು ಇದ್ದ ಜಾಗ ಅದೊಂದೇ.

ಇಂಟರ್ನೆಟ್ ಫೋನ್ ಈ ಕೆಲಸವನ್ನು ಹಂಚಿಹಾಕಿತು. ಇಂದು ಹೆಚ್ಚಿನ ಕಚೇರಿ ಫೋನುಗಳು ಆಡುವ ಭಾಷೆ ಸಿಪ್. ಅದರ ಮೊದಲ ಅಧಿಕೃತ ರೂಪ ಬಂದದ್ದು 1999ರಲ್ಲಿ, ಈಗ ಬಳಕೆಯಲ್ಲಿರುವ ಆರ್‌ಎಫ್‌ಸಿ 3261 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಬಂದದ್ದು 2002ರಲ್ಲಿ. ಹೆನ್ನಿಂಗ್ ಶುಲ್ಜ್‌ರಿನ್, ಮಾರ್ಕ್ ಹ್ಯಾಂಡ್ಲಿ, ಜೊನಾಥನ್ ರೋಸೆನ್‌ಬರ್ಗ್ ಮೊದಲಾದವರು ಅದನ್ನು ರೂಪಿಸುವಾಗ, ಬುದ್ಧಿ ತುದಿಯ ಉಪಕರಣಗಳಲ್ಲಿರಲಿ, ನಡುವಿನ ಜಾಲ ಸರಳವಾಗಿರಲಿ ಎಂಬ ಇಂಟರ್ನೆಟ್ಟಿನ ನಂಬಿಕೆಯನ್ನೇ ಹಿಡಿದಿದ್ದರು. ಕರೆ ವರ್ಗಾಯಿಸುವ ವಿಧಾನ ಆ ಮೂಲ ದಾಖಲೆಯಲ್ಲಿ ಇರಲೇ ಇಲ್ಲ. ಅದಕ್ಕೆ ಬೇಕಾದ ‘ರೆಫರ್’ ಎಂಬ ಆಜ್ಞೆ 2003ರಲ್ಲಿ ಆರ್‌ಎಫ್‌ಸಿ 3515 ಆಗಿ ಬಂತು. ಎರಡು ಕರೆಗಳನ್ನು ಬೆಸೆಯುವ ‘ರಿಪ್ಲೇಸಸ್’ 2004ರಲ್ಲಿ. ಇವನ್ನೆಲ್ಲ ಹೇಗೆ ಕೂಡಿಸಿ ಬಳಸಬೇಕೆಂಬ ಮಾರ್ಗದರ್ಶಿ 2009ರಲ್ಲಿ. ಮೂಲ ಭಾಷೆ ಬಂದ ಹತ್ತು ವರ್ಷಗಳ ಮೇಲೆ ಬಂದ ಈ ಮಾರ್ಗದರ್ಶಿಗೆ ಕಾಯದೆ ಕಂಪನಿಗಳು ಅಷ್ಟರಲ್ಲಾಗಲೇ ತಮಗೆ ತೋಚಿದಂತೆ ವರ್ಗಾವಣೆಯನ್ನು ಕಟ್ಟಿ ಮಾರಿದ್ದವು. ಒಂದು ಕಂಪನಿಯ ಸಾಫ್ಟ್‌ಫೋನ್ ಇನ್ನೊಂದು ಕಂಪನಿಯ ಸರ್ವರ್ ಜೊತೆ ಮಾತಿಗೆ ಕುಳಿತಾಗ ಈಗಲೂ ಕಾಣುವ ಜಗಳಗಳ ಬೇರು ಅಲ್ಲಿದೆ.

ವರ್ಗಾವಣೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ಹೊರಗಿನಿಂದ ಕರೆ ಮಾಡಿದವರು ರೈತರೋ ರೋಗಿಯೋ, ಅವರು ‘ಎ’. ರಿಸೆಪ್ಷನ್‌ನಲ್ಲಿ ಕುಳಿತವರು ‘ಬಿ’. ಕರೆ ಸೇರಬೇಕಾದ 204ನೇ ಎಕ್ಸ್‌ಟೆನ್ಷನ್ ‘ಸಿ’. ಬಿ ಟ್ರಾನ್ಸ್‌ಫರ್ ಒತ್ತಿ 204 ಬರೆದ ಕೂಡಲೇ ಅವರ ಸಾಫ್ಟ್‌ಫೋನ್ ಎದುರು ಬದಿಗೆ ‘ರೆಫರ್’ ಕಳಿಸುತ್ತದೆ: ನೀನು ಹೋಗಿ 204 ಅನ್ನು ಕರೆ. ಎದುರು ಬದಿ 202 ಎಂದು ಉತ್ತರಿಸುತ್ತದೆ. ಆಮೇಲೆ ಅದೇ ಬದಿ 204ಕ್ಕೆ ಹೊಸ ‘ಇನ್ವೈಟ್’ ಕಳಿಸಿ, ಅಲ್ಲಿ ಏನಾಗುತ್ತಿದೆ ಎಂಬುದನ್ನು ‘ನೋಟಿಫೈ’ ಸಂದೇಶಗಳ ಮೂಲಕ ಬಿಗೆ ವರದಿ ಮಾಡುತ್ತಾ ಹೋಗುತ್ತದೆ: 100, ಪ್ರಯತ್ನದಲ್ಲಿದ್ದೇನೆ, 180, ರಿಂಗ್ ಆಗುತ್ತಿದೆ, 200, ಎತ್ತಿಕೊಂಡರು. ಆಗದಿದ್ದರೆ 404, ಅಂಥ ನಂಬರೇ ಇಲ್ಲ, 486, ಬಿಜಿ, 480, ಸದ್ಯಕ್ಕೆ ಸಿಗುತ್ತಿಲ್ಲ. ಸಾಫ್ಟ್‌ಫೋನ್ 200ರ ವರದಿ ಬರುವವರೆಗೆ ಕಾದು, ಆನಂತರವೇ ತನ್ನ ಕಡೆಯ ಕರೆಯನ್ನು ‘ಬೈ’ ಹೇಳಿ ಮುಗಿಸಬೇಕು.

ಎಷ್ಟೋ ಕಡೆ ಕೈಕೊಡುವುದು ಇಲ್ಲಿಯೇ. 202 ಎಂದರೆ ಕೇಳಿಸಿಕೊಂಡೆ, ಪ್ರಯತ್ನಿಸುತ್ತೇನೆ ಎಂದಷ್ಟೇ. ಆಯಿತು ಎಂದಲ್ಲ. ಹಲವು ಸಾಫ್ಟ್‌ಫೋನ್‌ಗಳು 202 ಕಂಡ ಕ್ಷಣವೇ ಬೈ ಹೇಳಿ ಪಕ್ಕಕ್ಕೆ ಸರಿಯುತ್ತವೆ. 204 ಎತ್ತಿಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎತ್ತದಿದ್ದರೆ ಎ ನಡುನೀರಿನಲ್ಲಿ. ಹಿಂದೆ ಬಿ ಇಲ್ಲ, ಮುಂದೆ ಸಿ ಇಲ್ಲ. ಬಿಯ ಪರದೆಯ ಮೇಲೆ ಮಾತ್ರ ‘ಟ್ರಾನ್ಸ್‌ಫರ್ ಯಶಸ್ವಿ’ ಎಂದೇ ಇರುತ್ತದೆ. ಆದ್ದರಿಂದಲೇ ಹೀಗೆ ಕಟ್ಟಾದ ಕರೆಯ ದೂರು ಮೊದಲು ಬರುವುದು ಗ್ರಾಹಕರಿಂದ, ರಿಸೆಪ್ಷನ್‌ಗೆ ಅದು ಗೊತ್ತಾಗುವುದು ಆಮೇಲೆ. ತಾಸುಗಟ್ಟಲೆ ಕರೆ ಸ್ವೀಕರಿಸುವ ರಿಸೆಪ್ಷನ್‌ನವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಅವರಿಗೆ ಸುಳ್ಳು ಹೇಳಿದ್ದು ಪರದೆ. ಯಾವುದೇ ಸಾಫ್ಟ್‌ಫೋನನ್ನು ಕಚೇರಿಗೆ ತರುವ ಮುನ್ನ ನೋಡಿಕೊಳ್ಳಬೇಕಾದ ಮೊದಲ ಗುಣ ಇದು ಎಂದೇ ನನ್ನ ಅಭಿಪ್ರಾಯ: ನೋಟಿಫೈಗೆ ಕಾಯುತ್ತದೆಯೋ ಇಲ್ಲವೋ.

ಈವರೆಗೆ ಹೇಳಿದ್ದು ಬ್ಲೈಂಡ್ ಟ್ರಾನ್ಸ್‌ಫರ್. ಮುಂದಿನವರನ್ನು ಕೇಳಿ, ಒಪ್ಪಿಸಿ, ಆಮೇಲೆ ಕೂಡಿಸುವುದು ಅಟೆಂಡೆಡ್ ಟ್ರಾನ್ಸ್‌ಫರ್. ಕಾಲ್ ಸೆಂಟರ್‌ಗಳಲ್ಲಿ ಇದನ್ನೇ ವಾರ್ಮ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಕೇಳುಗರಿಗೆ ಇದು ಹೆಚ್ಚು ಸೌಜನ್ಯದ್ದು, ಯಂತ್ರಕ್ಕೆ ಹೆಚ್ಚು ಕಷ್ಟದ್ದು. ಇಲ್ಲಿ ಬಿಯ ಹತ್ತಿರ ಎರಡು ಕರೆಗಳಿರುತ್ತವೆ: ಎಯನ್ನು ಹೋಲ್ಡ್‌ನಲ್ಲಿಟ್ಟದ್ದು ಒಂದು, ಸಿಯ ಜೊತೆ ಮಾತಾಡುತ್ತಿರುವುದು ಇನ್ನೊಂದು. ಕೂಡಿಸುವಾಗ ಎಗೆ ಹೋಗುವ ರೆಫರ್‌ನಲ್ಲಿ ಎರಡನೆಯ ಕರೆಯ ಗುರುತಿನ ಸಂಖ್ಯೆಯೂ ಎರಡು ತುದಿಗಳ ಟ್ಯಾಗ್‌ಗಳೂ ಇರಬೇಕು. ಎ ಆ ಗುರುತು ಹಿಡಿದುಕೊಂಡು ಸಿಯ ಬಳಿ ಹೋಗಿ, ಬಿಯ ಜೊತೆ ನೀನಾಡುತ್ತಿರುವ ಆ ಕರೆಯ ಜಾಗಕ್ಕೆ ನನ್ನನ್ನು ಹಾಕಿಕೋ ಎನ್ನುತ್ತದೆ. ಗುರುತು ಒಂದಕ್ಷರ ತಪ್ಪಿದರೂ ಸಿ ಕೊಡುವ ಉತ್ತರ 481: ಅಂಥ ಕರೆ ನನ್ನಲ್ಲಿಲ್ಲ.

ಗುರುತು ತಪ್ಪುವುದೇಕೆ? ನಡುವೆ ಕೂತ ಸರ್ವರ್ ತಾನೇ ಎರಡೂ ಕಡೆಗೆ ಬೇರೆ ಬೇರೆ ಕರೆ ಮಾಡಿ ಬೆಸೆಯುವ ಜಾತಿಯದಾದರೆ ಬಿಗೆ ಕಾಣುವ ಗುರುತೇ ಬೇರೆ, ಸಿಗೆ ಕಾಣುವ ಗುರುತೇ ಬೇರೆ. ಆಸ್ಟರಿಸ್ಕ್, ಫ್ರೀಸ್ವಿಚ್‌ನಂಥ ಫೋನ್ ಸರ್ವರ್ ತಂತ್ರಾಂಶಗಳು ಈ ಜಾತಿಯವೇ. ಅವು ರೆಫರ್ ಅನ್ನು ಮುಂದಕ್ಕೆ ದಾಟಿಸದೆ ತಾವೇ ಹಿಡಿದು ಒಳಗೊಳಗೇ ಬೆಸೆದರೆ ಕೆಲಸ ಸುಸೂತ್ರ. ಕಚೇರಿ ಬೆಳೆದು ಒಂದರ ಬದಲು ಎರಡು ಸರ್ವರ್ ಬಂದಾಗ ಆಟ ಕೆಡುತ್ತದೆ. ಎಯ ಕರೆ ಒಂದರಲ್ಲಿ, ಸಿಯ ಕರೆ ಇನ್ನೊಂದರಲ್ಲಿ. ಒಂದರ ಗುರುತು ಇನ್ನೊಂದಕ್ಕೆ ಗೊತ್ತಿಲ್ಲ. ಇಂಥ ಸಂದರ್ಭಕ್ಕೆಂದೇ ಆಸ್ಟರಿಸ್ಕ್‌ನಲ್ಲಿ ‘ಎಕ್ಸ್‌ಟರ್ನಲ್ ರಿಪ್ಲೇಸಸ್’ ಎಂಬ ವಿಶೇಷ ಎಕ್ಸ್‌ಟೆನ್ಷನ್ ಬರೆದಿಡಲು ಅವಕಾಶವಿದೆ. ಬರೆದಿಡದಿದ್ದರೆ ವರ್ಗಾವಣೆ ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ಕರೆಗಳೆರಡೂ ಅದೃಷ್ಟವಶಾತ್ ಒಂದೇ ಸರ್ವರಿಗೆ ಬಿದ್ದ ದಿನ ಎಲ್ಲ ಸರಿ.

ಇನ್ನೆರಡು ಸೂಕ್ಷ್ಮ ಕಾರಣಗಳಿವೆ, ಎರಡೂ ಹುಡುಕಲು ಕಷ್ಟದವು. ಆ ಗುರುತನ್ನು ರೆಫರ್‌ನ ವಿಳಾಸದೊಳಗೆ ಸೇರಿಸುವಾಗ ಸೆಮಿಕೋಲನ್, ಸಮ ಚಿಹ್ನೆ, ಅಟ್ ಚಿಹ್ನೆಗಳನ್ನು ಶೇಕಡಾ ಸಂಕೇತಗಳಾಗಿ ಬದಲಿಸಬೇಕು. ಬದಲಿಸುವುದನ್ನು ಮರೆತ ಸಾಫ್ಟ್‌ಫೋನ್‌ನಿಂದ ಹೊರಟ ಸಂದೇಶವನ್ನು ಎದುರು ಬದಿ ಅರ್ಧಕ್ಕೇ ಓದಿ ನಿಲ್ಲಿಸುತ್ತದೆ. ಎರಡನೆಯದು ಗಾತ್ರ. ಅಟೆಂಡೆಡ್ ಟ್ರಾನ್ಸ್‌ಫರ್‌ನ ಇನ್ವೈಟ್ ಸಾದಾ ಇನ್ವೈಟ್‌ಗಿಂತ ದಪ್ಪ. ದಾರಿಯ ಸಾಮರ್ಥ್ಯ ಗೊತ್ತಿಲ್ಲದಿದ್ದಾಗ 1300 ಬೈಟ್ ಮೀರಿದ ಸಂದೇಶವನ್ನು ಯುಡಿಪಿ ಬಿಟ್ಟು ಟಿಸಿಪಿಯಂಥ ದಾರಿಯಲ್ಲಿ ಕಳಿಸಬೇಕೆಂದು ಆರ್‌ಎಫ್‌ಸಿ 3261 ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಪಾಲಿಸದೆ ಯುಡಿಪಿಯಲ್ಲೇ ಕಳಿಸಿದರೆ ಸಂದೇಶ ಎರಡು ತುಂಡಾಗಬಹುದು. ಆಗ ಅಗ್ಗದ ರೂಟರ್ ಒಂದು ತುಂಡನ್ನು ಬಿಸಾಡುವುದುಂಟು. ನೇರ ಕರೆ ಹೋಗುತ್ತದೆ, ವರ್ಗಾವಣೆ ಮಾತ್ರ ಮೌನವಾಗಿ ಸಾಯುತ್ತದೆ. ಸಿಪ್ ಅನ್ನು ಟಿಸಿಪಿ ಇಲ್ಲವೇ ಟಿಎಲ್‌ಎಸ್ ಮೇಲೆ ಓಡಿಸಿದ ದಿನ ಈ ಕಾಯಿಲೆ ತಾನಾಗಿಯೇ ಹೋಗುತ್ತದೆ.

ಸಾಫ್ಟ್‌ಫೋನಿನ ಗುಂಡಿ ಬಿಟ್ಟು ಇನ್ನೊಂದು ದಾರಿಯೂ ಇದೆ. ಮಾತಿನ ನಡುವೆ ಕೀಲಿಗಳನ್ನು ಒತ್ತಿ ಸರ್ವರಿಗೇ ನೇರವಾಗಿ ಹೇಳುವುದು. ಆಸ್ಟರಿಸ್ಕ್ ಮೇಲೆ ಕಟ್ಟಿದ ಫ್ರೀಪಿಬಿಎಕ್ಸ್‌ನಲ್ಲಿ ಎರಡು ಹ್ಯಾಶ್ ಒತ್ತಿದರೆ ಬ್ಲೈಂಡ್, ಸ್ಟಾರ್ 2 ಒತ್ತಿದರೆ ಅಟೆಂಡೆಡ್. ಇಲ್ಲಿ ರೆಫರ್ ಎಂಬುದೇ ಇಲ್ಲ, ಕೆಲಸವೆಲ್ಲ ಸರ್ವರಿನದು. ಆದರೆ ಆಸ್ಟರಿಸ್ಕ್‌ನಲ್ಲಿ ಈ ಅನುಮತಿಯನ್ನು ಕರೆ ಹಚ್ಚುವಾಗಲೇ ಕೊಟ್ಟಿರಬೇಕು. ಡಯಲ್ ಆಜ್ಞೆಯಲ್ಲಿ ಸಣ್ಣ ‘ಟಿ’ ಅಕ್ಷರವಿದ್ದರೆ ಕರೆ ಎತ್ತಿಕೊಂಡವರು ವರ್ಗಾಯಿಸಬಹುದು, ದೊಡ್ಡ ‘ಟಿ’ ಇದ್ದರೆ ಕರೆ ಮಾಡಿದವರು. ‘ಬಂದ ಕರೆ ಟ್ರಾನ್ಸ್‌ಫರ್ ಆಗುತ್ತೆ, ನಾವೇ ಮಾಡಿದ ಕರೆ ಆಗಲ್ಲ’ ಎಂಬ ದೂರು ಕೇಳಿದಾಗ ನೋಡಬೇಕಾದ್ದು ಆ ದೊಡ್ಡ ಅಕ್ಷರವನ್ನು. ಎರಡೂ ಅಕ್ಷರಗಳನ್ನು ಎಲ್ಲ ಕಡೆ ಹಾಕಿಬಿಡುವ ಅಭ್ಯಾಸ ಅಪಾಯಕಾರಿ. ಹೊರಗಿನಿಂದ ಕರೆ ಮಾಡಿದ ಅಪರಿಚಿತರಿಗೂ ನಿಮ್ಮ ಸರ್ವರಿನಿಂದ ಕರೆ ಎತ್ತಿ ಬೇರೆಡೆ ಹಾಕುವ ಹಕ್ಕು ಸಿಕ್ಕಿಬಿಡುತ್ತದೆ.

ಕೀಲಿಗಳ ದಾರಿಗೂ ತನ್ನದೇ ತೊಡಕುಗಳಿವೆ. ಒತ್ತಿದ ಕೀಲಿಯ ಸ್ವರ ಮೂರು ಬಗೆಯಲ್ಲಿ ಹೋಗಬಹುದು: ಧ್ವನಿಯ ಜೊತೆಗೇ, ಧ್ವನಿಯ ಪ್ಯಾಕೆಟ್ಟುಗಳ ಸಾಲಿನಲ್ಲಿ ಪ್ರತ್ಯೇಕ ಗುರುತಾಗಿ ಅಂದರೆ ಆರ್‌ಎಫ್‌ಸಿ 4733ರ ಪ್ರಕಾರ, ಇಲ್ಲವೇ ಸಿಪ್‌ನ ‘ಇನ್ಫೋ’ ಸಂದೇಶವಾಗಿ. ಫೋನ್ ಒಂದು ಬಗೆಯಲ್ಲಿ ಕಳಿಸಿ ಸರ್ವರ್ ಇನ್ನೊಂದಕ್ಕೆ ಕಾದರೆ ಹ್ಯಾಶ್ ಎಂಬುದು ಎದುರಿನವರ ಕಿವಿಗೆ ಬೀಪ್ ಆಗಿ ಕೇಳಿಸಿ ಮುಗಿಯುತ್ತದೆ. ಧ್ವನಿಯನ್ನು ಕುಗ್ಗಿಸುವ ಜಿ.729ನಂಥ ಕೋಡೆಕ್‌ನಲ್ಲಿ ಧ್ವನಿಯ ಜೊತೆ ಹೋದ ಸ್ವರ ಸರ್ವರಿಗೆ ಗುರುತು ಸಿಗದಷ್ಟು ಕೆಡುತ್ತದೆ. ಎರಡು ಕೀಲಿಗಳ ನಡುವೆ ತಡವಾದರೂ ಸರ್ವರ್ ಅದನ್ನು ಕೋಡ್ ಎಂದು ಪರಿಗಣಿಸುವುದಿಲ್ಲ. ವಯಸ್ಸಾದ ಗುಮಾಸ್ತರ ಬೆರಳಿಗೆ ಹೊಂದುವಂತೆ ಈ ಅವಧಿಯನ್ನು ಹೆಚ್ಚಿಸುವುದು ಒಂದು ಸಾಲಿನ ಕೆಲಸ. ಇದರ ತದ್ವಿರುದ್ಧ ತೊಂದರೆಯೂ ಉಂಟು. ಒಂದೇ ಹ್ಯಾಶ್ ವರ್ಗಾವಣೆಯ ಕೋಡ್ ಆಗಿರುವ ಕಡೆ, ಬ್ಯಾಂಕಿಗೆ ಕರೆ ಮಾಡಿ ಖಾತೆ ಸಂಖ್ಯೆಯ ಕೊನೆಗೆ ಹ್ಯಾಶ್ ಒತ್ತಿದ ಅಕೌಂಟೆಂಟ್‌ಗೆ ತಮ್ಮದೇ ಕಚೇರಿಯ ಸರ್ವರ್ ‘ಟ್ರಾನ್ಸ್‌ಫರ್’ ಎನ್ನುತ್ತದೆ. ಎರಡು ಹ್ಯಾಶ್‌ಗೆ ಬದಲಿಸಿದರೆ ಈ ಗೊಂದಲ ಮುಗಿಯುತ್ತದೆ.

ಈಗ ಧ್ವನಿಯ ಕಡೆ ಬರೋಣ. ವರ್ಗಾವಣೆ ಆಗಿದೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ. ಇದರ ಹಿಂದೆ ಹೆಚ್ಚಾಗಿ ಇರುವುದು ವಿಳಾಸದ ಗೊಂದಲ. ಮನೆ ಮತ್ತು ಕಚೇರಿ ರೂಟರಿನ ಒಳಗೆ ಫೋನಿಗಿರುವುದು ಸಾಮಾನ್ಯವಾಗಿ 192.168ರಿಂದ ಶುರುವಾಗುವ ಖಾಸಗಿ ವಿಳಾಸ. ಹೊರಜಗತ್ತಿಗೆ ಅದು ತಲುಪದ ವಿಳಾಸ. ಮೊದಲ ಕರೆಯಲ್ಲಿ ಧ್ವನಿ ಸರ್ವರಿನ ಮೂಲಕವೇ ಹಾಯುತ್ತಿದ್ದುದರಿಂದ ಕುಂದು ಕಾಣಿಸಿರಲಿಲ್ಲ. ವರ್ಗಾವಣೆಯಾದ ಕೂಡಲೇ ಸರ್ವರ್ ತನ್ನ ಹೊರೆ ಕಡಿಮೆ ಮಾಡಿಕೊಳ್ಳಲು ಎರಡೂ ತುದಿಗಳಿಗೆ ನೇರವಾಗಿ ಧ್ವನಿ ಕಳಿಸಿಕೊಳ್ಳಿ ಎಂದು ಹೊಸ ಇನ್ವೈಟ್ ಕಳಿಸುತ್ತದೆ. ಮಂಗಳೂರಿನ ಕಚೇರಿಯ ಫೋನ್ ತನ್ನ ಖಾಸಗಿ ವಿಳಾಸ ಕೊಟ್ಟು, ಹಾಸನದ ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಆ ವಿಳಾಸಕ್ಕೆ ಧ್ವನಿ ಸುರಿದರೆ ಅದು ಎಲ್ಲಿಗೂ ಮುಟ್ಟುವುದಿಲ್ಲ. ಆಸ್ಟರಿಸ್ಕ್‌ನ ಈಗಿನ ಸಿಪ್ ಮಾಡ್ಯೂಲ್ ಪಿಜೆಸಿಪ್‌ನಲ್ಲಿ ಡೈರೆಕ್ಟ್ ಮೀಡಿಯಾ ಎಂಬ ಆಯ್ಕೆ ಡೀಫಾಲ್ಟ್ ಆಗಿ ಚಾಲೂ ಇರುತ್ತದೆ. ಮನೆಯಿಂದ ಕೆಲಸ ಮಾಡುವವರಿರುವ ಕಚೇರಿಯಲ್ಲಿ ಅದನ್ನು ಆಫ್ ಮಾಡಿಡುವುದೇ ಸರಿ. ಸರ್ವರಿನ ಮೇಲೆ ತುಸು ಹೊರೆ ಬೀಳುತ್ತದೆ, ಬೀಳಲಿ. ಜಿ.711ರಲ್ಲಿ ಒಂದು ಕಡೆಯ ಧ್ವನಿಗೆ ಬೇಕಾಗುವುದು 64 ಕಿಲೋಬಿಟ್; ಮೇಲುಹೊದಿಕೆ ಸೇರಿಸಿದರೂ ಇಂದಿನ ಲೈನುಗಳಿಗೆ ಅದು ಭಾರವಲ್ಲ. ಹಳೆಯ ಟಿಪ್ಪಣಿಗಳಲ್ಲಿ ‘ಕ್ಯಾನ್ ರೀಇನ್ವೈಟ್’ ಎಂಬ ಹೆಸರಿನಲ್ಲಿ ಬರೆದಿರುವುದು ಇದೇ ಆಯ್ಕೆಯನ್ನು. ಆ ಟಿಪ್ಪಣಿಗಳು ಬರೆದ ಕಾಲದ ಹಳೆಯ ಸಿಪ್ ಮಾಡ್ಯೂಲ್ ಅನ್ನು 2023ರಲ್ಲಿ ಬಂದ ಆಸ್ಟರಿಸ್ಕ್ 21ರಿಂದ ತೆಗೆದೇ ಹಾಕಿದ್ದಾರೆ. ಆ ಟಿಪ್ಪಣಿಗಳನ್ನು ನಕಲಿಸಿದರೆ ಉಪಯೋಗವಾಗದು.

ವರ್ಗಾವಣೆಯಾದ ಕರೆಯಲ್ಲಿ ಮಾತು ಚೆನ್ನಾಗಿ ಕೇಳುತ್ತಿದ್ದು, ಅರ್ಧ ನಿಮಿಷ ದಾಟಿದ ಕೂಡಲೇ ಕಟ್ ಆಗುತ್ತಿದ್ದರೆ ಗಡಿಯಾರ ಹಿಡಿದು ನೋಡಿ. ಪ್ರತಿಸಲವೂ 32 ಸೆಕೆಂಡಿಗೇ ಕಟ್ ಆಗುತ್ತಿದ್ದರೆ ರೋಗ ಹೆಚ್ಚುಕಡಿಮೆ ಪತ್ತೆಯಾಯಿತು. ಸಿಪ್‌ನಲ್ಲಿ ಕರೆ ಎತ್ತಿಕೊಂಡವರು 200 ಕಳಿಸಿದ ಮೇಲೆ ಎದುರಿನಿಂದ ‘ಆಕ್’ ಎಂಬ ಒಪ್ಪಿಗೆ ಬರಬೇಕು. ಬರದಿದ್ದರೆ ಮತ್ತೆ ಮತ್ತೆ ಕಳಿಸಿ, ಅರ್ಧ ಸೆಕೆಂಡಿನ 64 ಪಟ್ಟು ಕಾಲ ಕಾದು ಕೈಬಿಡುತ್ತದೆ. 32 ಸೆಕೆಂಡಿನ ಲೆಕ್ಕ ಬಂದದ್ದು ಹೀಗೆ. ಹೊಸ ಕರೆಯಲ್ಲಿ ಸಂಪರ್ಕ ವಿಳಾಸ ಎಂದು ಖಾಸಗಿ ವಿಳಾಸ ಬರೆದಿದ್ದರಿಂದ ಆಕ್ ದಾರಿ ತಪ್ಪಿದೆ. ಇದಕ್ಕೆ ಎಷ್ಟೋ ಸಲ ಕಾರಣ ರೂಟರಿನ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ. ಸಹಾಯ ಮಾಡುವ ಉದ್ದೇಶದಿಂದ ಸಂದೇಶದೊಳಗಿನ ವಿಳಾಸಗಳನ್ನು ತಿದ್ದುವ ಅದು, ಸಾದಾ ಕರೆಯನ್ನು ಹೇಗೋ ಸಂಭಾಳಿಸಿದರೂ ವರ್ಗಾವಣೆಯಲ್ಲಿ ಎಡವುತ್ತದೆ. ಅದನ್ನು ಆಫ್ ಮಾಡಿಸಿ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಉಳಿದ ಕೆಲವು ತೊಂದರೆಗಳನ್ನು ಬೇಗ ಹೇಳಿ ಮುಗಿಸಬಹುದು. ಹೊರಗಿನ ಲೈನ್ ಒಂದು ಕೋಡೆಕ್ ಮಾತ್ರ ಬಲ್ಲದು, 204 ಇನ್ನೊಂದು ಮಾತ್ರ; ಆಗ ಬರುವುದು 488. ಎಲ್ಲ ಕಡೆಯೂ ಜಿ.711ರ ಎ-ಲಾ ಒಂದನ್ನಾದರೂ ಪಟ್ಟಿಯಲ್ಲಿಟ್ಟಿದ್ದರೆ ಇದು ಏಳುವುದಿಲ್ಲ. ಕರೆ ಸೇರಿದ ಮೇಲೂ ಹೋಲ್ಡ್‌ನ ಸಂಗೀತವೇ ಮೊಳಗುತ್ತಿದ್ದರೆ ಹೋಲ್ಡ್ ತೆಗೆಯುವ ಸಂದೇಶ ಹೋಗಿಲ್ಲ ಎಂದರ್ಥ. ಸಾಫ್ಟ್‌ಫೋನ್‌ನ ಹೊಸ ಆವೃತ್ತಿ ಹಾಕಿಕೊಂಡು ನೋಡಬೇಕು. ವರ್ಗಾಯಿಸಿದ ಕರೆಯಲ್ಲಿ ಗ್ರಾಹಕರ ನಂಬರಿನ ಬದಲು ರಿಸೆಪ್ಷನ್ ನಂಬರೇ ಕಾಣುವುದು ಇನ್ನೊಂದು ಗೊಣಗಾಟ. ಕರೆ ಸೇರಿದ ಮೇಲೆ ಹೆಸರು ಬದಲಿಸಿ ಕಳಿಸುವ ವ್ಯವಸ್ಥೆ 2010ರ ಆಸ್ಟರಿಸ್ಕ್ 1.8ರಿಂದಲೂ ಇದೆ. ಸರ್ವರಿನಲ್ಲಿ ಅದನ್ನು ಕಳಿಸಲು ಅನುಮತಿಸಬೇಕು, ಫೋನಿನಲ್ಲಿ ಅದನ್ನು ನಂಬಲು ಅನುಮತಿಸಬೇಕು, ಅಷ್ಟೇ.

ಹೊರಗಿನ ಲೈನ್‌ನ ವಿಷಯ ಅಷ್ಟು ಸಲೀಸಲ್ಲ. ಟ್ರಂಕ್ ಎನ್ನುವ ಈ ಲೈನ್ ಕೊಡುವ ಕಂಪನಿಗಳಲ್ಲಿ ಅನೇಕವು ರೆಫರ್ ಅನ್ನು ಒಪ್ಪುವುದೇ ಇಲ್ಲ; 405 ಇಲ್ಲವೇ 603 ಎಂದು ತಿರಸ್ಕರಿಸುತ್ತವೆ. ಅವರ ಭಯಕ್ಕೆ ಆಧಾರವಿದೆ. ಯಾರದೋ ಪಾಸ್‌ವರ್ಡ್ ಕದ್ದವರು ಬ್ಲೈಂಡ್ ಟ್ರಾನ್ಸ್‌ಫರ್ ಮಾಡಿ ದುಬಾರಿ ವಿದೇಶಿ ನಂಬರಿಗೆ ಕರೆ ಹಚ್ಚಿದರೆ ಬಿಲ್ ಯಾರ ಹೆಸರಿಗೆ? ಹೀಗಾಗಿ ರೆಫರ್ ಅನ್ನು ಕಚೇರಿಯ ಸರ್ವರ್ ತಾನೇ ಹಿಡಿದು ನಿಲ್ಲಿಸಬೇಕು, ಹೊರಗೆ ಹೋಗಲು ಬಿಡಬಾರದು. ಇದರಿಂದ ಹೊರಗಿನವರ ಕರೆಯನ್ನು ಹೊರಗಿನ ಮೊಬೈಲಿಗೇ ವರ್ಗಾಯಿಸಿದರೂ ಮಾತು ಮುಗಿಯುವ ತನಕ ಎರಡು ಚಾನಲ್ ಹಿಡಿದಿರುತ್ತದೆ. ಎರಡೇ ಚಾನಲ್‌ನ ಪ್ಲಾನ್ ತೆಗೆದುಕೊಂಡ ಸಣ್ಣ ಅಂಗಡಿಯಲ್ಲಿ ಮೂರನೆಯವರಿಗೆ ಬಿಜಿ ಟೋನ್ ಬರುತ್ತದೆ. ಅದಕ್ಕಾಗಿಯಾದರೂ ಚಾನಲ್ ಲೆಕ್ಕ ಹಾಕುವಾಗ ವರ್ಗಾವಣೆಯನ್ನು ಸೇರಿಸಿಕೊಂಡೇ ಕೇಳಬೇಕು.

ಭಾರತದಲ್ಲಿ ಕಾನೂನಿನ ಇನ್ನೊಂದು ಪದರವಿತ್ತು, ಹೊರದೇಶದ ಕೈಪಿಡಿ ಓದಿ ದುರಸ್ತಿಗಿಳಿದವರು ಎಡವುತ್ತಿದ್ದದ್ದು ಅಲ್ಲಿ. ನಮ್ಮಲ್ಲಿ ಇಂಟರ್ನೆಟ್ ದೂರವಾಣಿಗೆ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಿಂದ, ಅದೂ ಬಿಗಿಯಾದ ಕಟ್ಟುಪಾಡುಗಳೊಂದಿಗೆ. ಕಂಪನಿಯ ಒಳಜಾಲದಲ್ಲಿ ಬಂದ ಕರೆಯನ್ನು ಸಾರ್ವಜನಿಕ ಫೋನ್ ಜಾಲಕ್ಕೆ ಬೆಸೆದು ಎಸ್‌ಟಿಡಿ ಐಎಸ್‌ಡಿ ಶುಲ್ಕ ತಪ್ಪಿಸುವುದು ಅಪರಾಧ. ಬೆಂಗಳೂರಿನ ಬಿಪಿಒಗಳಲ್ಲಿ ಅಮೆರಿಕದಿಂದ ಡೇಟಾ ಲೈನಿನಲ್ಲಿ ಬಂದ ಕರೆಯನ್ನು ಸ್ಥಳೀಯ ಲೈನಿಗೆ ವರ್ಗಾಯಿಸಲು ಆಗದಂತೆ ವ್ಯವಸ್ಥೆಯನ್ನೇ ಕಟ್ಟಬೇಕಿತ್ತು. ಸಿಸ್ಕೋದ ಕಾಲ್ ಮ್ಯಾನೇಜರ್‌ನಲ್ಲಿ ‘ಲಾಜಿಕಲ್ ಪಾರ್ಟಿಷನಿಂಗ್’ ಎಂಬ ಸೌಲಭ್ಯ ಬಂದದ್ದೇ ಇಂಥ ಕಾನೂನುಗಳಿಗಾಗಿ. ಯಾವ ಊರಿನ ಯಾವ ಬಗೆಯ ಲೈನನ್ನು ಯಾವುದಕ್ಕೆ ಬೆಸೆಯಬಾರದೆಂಬ ಪಟ್ಟಿ ಅದರಲ್ಲಿರುತ್ತದೆ. ಎಂಜಿನಿಯರ್ ಟ್ರಾನ್ಸ್‌ಫರ್ ಕೆಡುತ್ತಿದೆ ಎಂದು ದಿನಗಟ್ಟಲೆ ಹುಡುಕಿದ ತೊಂದರೆ ವಾಸ್ತವವಾಗಿ ಸರಿಯಾಗಿ ಕೆಲಸ ಮಾಡುತ್ತಿದ್ದ ತಡೆ. 2020ರ ನವೆಂಬರ್ 5ರಂದು ದೂರಸಂಪರ್ಕ ಇಲಾಖೆ ಬಿಪಿಒಗಳಂಥ ಕೇಂದ್ರಗಳ ನೋಂದಣಿಯನ್ನು ಕೈಬಿಟ್ಟಿತು. 2021ರ ಜೂನ್ 23ರಂದು ದೇಶೀಯ ಮತ್ತು ಅಂತರರಾಷ್ಟ್ರೀಯ ಕೇಂದ್ರಗಳೆಂಬ ಭೇದವನ್ನೂ ತೆಗೆದು ಕೇಂದ್ರಗಳ ನಡುವಿನ ಸಂಪರ್ಕ ಸಡಿಲಿಸಿತು. ಆದರೆ ಶುಲ್ಕ ತಪ್ಪಿಸುವ ಬೆಸುಗೆ ಇಂದಿಗೂ ನಿಷಿದ್ಧವೇ. 2020ಕ್ಕೆ ಮೊದಲು ಕಟ್ಟಿದ ವ್ಯವಸ್ಥೆಗಳಲ್ಲಿ ಹಳೆಯ ಪಟ್ಟಿಗಳು ಹಾಗೆಯೇ ಉಳಿದಿರಬಹುದು. ವರ್ಗಾವಣೆಯ ತಪ್ಪು ಹುಡುಕುವಾಗ ಆ ಪಟ್ಟಿಯನ್ನೂ ತೆರೆದು ನೋಡಿ, ಕಾನೂನು ಬಲ್ಲವರನ್ನು ಕೇಳಿಯೇ ತಿದ್ದಬೇಕು.

ಮೊಬೈಲಿನಲ್ಲಿ ಸಾಫ್ಟ್‌ಫೋನ್ ಬಳಸುವವರು ಹೆಚ್ಚಾದ ಮೇಲೆ ಬಂದ ತೊಂದರೆ ನಿದ್ದೆಯದು. ಬ್ಯಾಟರಿ ಉಳಿಸಲು ಫೋನ್ ಆ ಆಪ್ ಅನ್ನು ಮಲಗಿಸಿರುತ್ತದೆ. ಕರೆ ಬಂದಾಗ ಪುಶ್ ಸಂದೇಶ ಹೋಗಿ, ಆಪ್ ಎದ್ದು, ಸರ್ವರಿಗೆ ಮತ್ತೆ ನೋಂದಾಯಿಸಿಕೊಂಡು ಆಮೇಲೆ ರಿಂಗ್ ಆಗಬೇಕು. ಪುಶ್ ವ್ಯವಸ್ಥೆ ಇಲ್ಲದ ಸರ್ವರ್ ತಕ್ಷಣ 480 ಎಂದುಬಿಡುತ್ತದೆ. ಇದ್ದರೂ, ಆಸ್ಟರಿಸ್ಕ್‌ನ ಕೀಲಿ ದಾರಿಯ ಅಟೆಂಡೆಡ್ ಟ್ರಾನ್ಸ್‌ಫರ್ ಎದುರಿನವರಿಗೆ ಕೊಡುವ ಡೀಫಾಲ್ಟ್ ಅವಧಿ 15 ಸೆಕೆಂಡ್. ಹಳ್ಳಿಯಲ್ಲಿರುವ ಕ್ಷೇತ್ರ ಸಿಬ್ಬಂದಿಯ ಫೋನ್ ಎದ್ದು, ಅವರು ಅದನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ಆ ಅವಧಿ ತೀರಿರುತ್ತದೆ. ಅದನ್ನು ಅರ್ಧ ನಿಮಿಷಕ್ಕೆ ಹೆಚ್ಚಿಸಿಡುವುದು ಕ್ಷೇಮ.

ಇಷ್ಟೆಲ್ಲ ಕಾರಣಗಳಿರುವಾಗ ಊಹಿಸುತ್ತಾ ಕೂರುವುದಕ್ಕಿಂತ ನೋಡುವುದು ಲೇಸು. ಎಸ್‌ಎನ್‌ಗ್ರೆಪ್ ಎಂಬ ಉಚಿತ ತಂತ್ರಾಂಶ ಸರ್ವರಿನ ಪರದೆಯ ಮೇಲೆಯೇ ಯಾರು ಯಾರಿಗೆ ಏನು ಕಳಿಸಿದರೆಂದು ಬಾಣಗಳಲ್ಲಿ ಬಿಡಿಸಿ ತೋರಿಸುತ್ತದೆ. ವೈರ್‌ಶಾರ್ಕ್‌ನ ಟೆಲಿಫೋನಿ ಮೆನುವಿನಲ್ಲೂ ಆ ಸೌಲಭ್ಯವಿದೆ. ದಾವಣಗೆರೆ ಕಡೆಯ ಒಂದು ಡಯಾಗ್ನೋಸ್ಟಿಕ್ ಸೆಂಟರ್‌ನಲ್ಲಿ ವರದಿ ವಿಭಾಗಕ್ಕೆ ಕರೆ ದಾಟುತ್ತಿರಲಿಲ್ಲ. ಹೆಡ್‌ಸೆಟ್ ಬದಲಿಸಿದ್ದರು, ನೆಟ್ ಪ್ಲಾನ್ ಏರಿಸಿದ್ದರು. ರಿಸೆಪ್ಷನ್‌ನಲ್ಲಿದ್ದವರು ಹೇಳಿದ ಒಂದೇ ಮಾತು ದಾರಿ ತೋರಿಸಿತು: “ಒಳಗಿನ ಕರೆ ಆದ್ರೆ ಹೋಗುತ್ತೆ ಸಾರ್, ಹೊರಗಿಂದು ಮಾತ್ರ ಹೋಗಲ್ಲ.” ಬಾಣಗಳನ್ನು ಬಿಡಿಸಿದಾಗ ಕಂಡದ್ದು ಹೀಗೆ: ಸಾಫ್ಟ್‌ಫೋನ್‌ನಿಂದ ರೆಫರ್ ಹೊರಟಿದೆ; ಕಚೇರಿ ಜಾಲದ ಗಡಿಯಲ್ಲಿ ಕೂರಿಸಿದ್ದ ಎಸ್‌ಬಿಸಿ (ಸೆಷನ್ ಬಾರ್ಡರ್ ಕಂಟ್ರೋಲರ್) ಪೆಟ್ಟಿಗೆ ಅದಕ್ಕೆ 202 ಕೊಟ್ಟು ಅದೇ ರೆಫರ್ ಅನ್ನು ಹೊರಗಿನ ಟ್ರಂಕ್‌ಗೆ ದಾಟಿಸಿದೆ; ಟ್ರಂಕ್ 405 ಎಂದಿದೆ; ಅಷ್ಟರಲ್ಲಿ ಸಾಫ್ಟ್‌ಫೋನ್ ಬೈ ಹೇಳಿಯಾಗಿದೆ. ಪೆಟ್ಟಿಗೆಯಲ್ಲಿ ‘ರೆಫರ್ ಅನ್ನು ಇಲ್ಲೇ ನಿರ್ವಹಿಸು’ ಎಂಬ ಆಯ್ಕೆ ಒತ್ತಿದ ಮೇಲೆ ಕರೆ ದಾಟಿತು. ಒಳಗಿನದೋ ಹೊರಗಿನದೋ, ಬ್ಲೈಂಡೋ ಅಟೆಂಡೆಡ್ಡೋ, ಬಂದದ್ದೋ ಮಾಡಿದ್ದೋ, ತಕ್ಷಣ ಕಟ್ಟೋ ಅರ್ಧ ನಿಮಿಷಕ್ಕೋ ಎಂಬ ಈ ಪ್ರಶ್ನೆಗಳನ್ನು ದಿನವಿಡೀ ಕರೆ ತೆಗೆಯುವವರ ಹತ್ತಿರ ಕೇಳಿದರೆ ಉತ್ತರ ಸಿಗುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನ ನಿಜವಾದ ಬೇಸರ.

ಇದು ಕೇವಲ ಕಚೇರಿಯ ಅನುಕೂಲದ ಮಾತಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರ ರಾಷ್ಟ್ರೀಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ತಂತ್ರಜ್ಞಾನದ ಬೆನ್ನೆಲುಬು ಅದೇ ಊರಿನ ಐಐಐಟಿಯದು. ಮೊದಲ ಹಂತದಲ್ಲಿ ಸಲಹೆಗಾರರು, ಅಗತ್ಯ ಬಿದ್ದರೆ ಎರಡನೆಯ ಹಂತದಲ್ಲಿ ತಜ್ಞರು ಎಂಬುದು ಅದರ ರಚನೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್‌ಗಳಲ್ಲೂ ಬಿಡಿಸಲಾಗದ ಪ್ರಶ್ನೆ ಮೇಲಿನ ತಜ್ಞರಿಗೆ ಹೋಗುತ್ತದೆ. ಧೈರ್ಯ ಒಟ್ಟುಮಾಡಿ ಫೋನ್ ಮಾಡಿದವರ ಕರೆ ಇಂಥ ಹಂತ ದಾಟುವಲ್ಲಿ ಬಿದ್ದುಹೋದರೆ ಅವರು ಮತ್ತೆ ಮಾಡುತ್ತಾರೆ ಎಂಬ ಭರವಸೆಯಿಲ್ಲ. ಹಾಗಾಗಿ ನೆರವು ಕೇಳುವ ಕರೆಗಳಿಗೆ ಬ್ಲೈಂಡ್ ಟ್ರಾನ್ಸ್‌ಫರ್ ಬೇಡವೇ ಬೇಡ, ಮುಂದಿನವರು ಎತ್ತಿಕೊಂಡ ಮೇಲೆಯೇ ಕೈಬಿಡುವ ಕ್ರಮವೇ ಕಡ್ಡಾಯವಾಗಿರಲಿ ಎಂಬುದು ನನ್ನ ಪಕ್ಷ.

ಬ್ಲೈಂಡ್ ಅನಿವಾರ್ಯವಾದ ಕಡೆ ಕರೆ ಹಿಂದಿರುಗಿ ಬರುವ ದಾರಿಯನ್ನಾದರೂ ಕಟ್ಟಿಡಬೇಕು. ಆಸ್ಟರಿಸ್ಕ್‌ನಲ್ಲಿ ವರ್ಗಾಯಿಸಿದವರು ಯಾರೆಂಬುದು ‘ಬ್ಲೈಂಡ್‌ಟ್ರಾನ್ಸ್‌ಫರ್’ ಎಂಬ ಚಲಕದಲ್ಲಿ ಉಳಿದಿರುತ್ತದೆ. 204 ಎತ್ತದಿದ್ದರೆ ಅದನ್ನೋದಿ ಕರೆಯನ್ನು ಮತ್ತೆ ಅವರಿಗೇ ಹಚ್ಚಲು ಡಯಲ್‌ಪ್ಲಾನ್‌ನಲ್ಲಿ ನಾಲ್ಕೈದು ಸಾಲು ಸಾಕು. ವ್ಯವಸ್ಥೆ ಹಾಕಿಕೊಟ್ಟವರು ಬಿಲ್ ಕೊಡುವ ದಿನ ಎದುರಿಗೇ ಪರೀಕ್ಷಿಸಿ ನೋಡಿ. ಎತ್ತದೆ ಬಿಟ್ಟ ಎಕ್ಸ್‌ಟೆನ್ಷನ್‌ಗೆ, ಬಿಜಿ ಇರುವ ಎಕ್ಸ್‌ಟೆನ್ಷನ್‌ಗೆ, ಆಫ್ ಮಾಡಿದ ಮೊಬೈಲ್ ಆಪ್‌ಗೆ, ಇಲ್ಲದ ನಂಬರಿಗೆ ವರ್ಗಾಯಿಸಲು ಹೇಳಿ. ಕರೆ ಹೊರಗಿನ ಮೊಬೈಲಿನಿಂದಲೇ ಬಂದಿರಲಿ, ಕಚೇರಿಯ ವೈಫೈನಿಂದಲ್ಲ. ನಾಲ್ಕೂ ಸಲ ಕರೆ ರಿಸೆಪ್ಷನ್‌ಗೆ ಮರಳಿದರೆ ಸಹಿ ಹಾಕಬಹುದು.